ಸಾವಂತ್ರವ್ವನ ಮಡ್ಡಿಗೆ ಹೋಗುವ ದಾರಿ

ಘೋಣಸಗಿಯ ಸಾವಂತ್ರವ್ವ ನಮ್ಮನ್ನು ಮೊದಲ ಸಲ ಮಾತಾಡಿಸಿದ್ದು ಕವಣೆಯಿಂದ. ಜೋಳದ ತೆನೆ ಹಾಲುಗಾಳು ಕಟ್ಟಿದ್ದ ದಿನಗಳು. ಹಕ್ಕಿ ಹೊಡೆಯಲು ಅಟ್ಟದ ಮೇಲೆ ನಿಂತಿದ್ದ ಆಕೆಗೆ, ಹೊಲದ ಬದುವಿನ ಮೇಲೆ ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದ ಒಬ್ಬ ತೆಳ್ಳಗಿನವನೂ ಅವನ ಹಿಂದೆ ಏದುಸಿರು ಬಿಡುತ್ತಿದ್ದ ಒಬ್ಬ ದಪ್ಪಗಿನವನೂ ಕಂಡರು. ಮೊದಲ ಕಲ್ಲು ಸುಯ್ಯೆಂದು ತಲೆಯ ಮೇಲೆ ಹಾಯ್ದುಹೋಯಿತು. ಎರಡನೆಯದು ದಪ್ಪಗಿನವನ ಕಾಲ ಬುಡದಲ್ಲೇ ಬಿತ್ತು. ಮೂರನೆಯದಕ್ಕೆ ಕಾಯುವ ಧೈರ್ಯವಿಲ್ಲದೆ ಅವನು ಕುಸುಬೆಯ ಸಾಲಿನಲ್ಲಿ ಕುಳಿತುಬಿಟ್ಟ. ಕುಸುಬೆಗೆ ಎಷ್ಟು ಮುಳ್ಳು ಎಂಬುದು ಕುಳಿತವನಿಗೇ ಗೊತ್ತು.

ದಪ್ಪಗಿನವನು ನಾನು. ಸಂಗನಬಸವ ಅಂತ ಹೆಸರು. ವಿಜಯಪುರದ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಹತ್ತಿರ ನಮ್ಮದೊಂದು ಸೈಕಲ್ ಅಂಗಡಿ. ಜೀವಮಾನವಿಡೀ ಸೈಕಲ್ ಮಾರಿದ್ದೇನೆ, ಹತ್ತುವುದನ್ನು ಮಾತ್ರ ಯಾವತ್ತೋ ಬಿಟ್ಟಿದ್ದೇನೆ. ಯಾಕೆ ಅಂತ ಕೇಳಿದವರಿಗೆ, ಮಿಠಾಯಿ ಅಂಗಡಿಯವನು ಮಿಠಾಯಿ ತಿನ್ನುತ್ತಾನೆಯೇ ಅಂದು ಬಾಯಿ ಮುಚ್ಚಿಸುತ್ತೇನೆ. ತೆಳ್ಳಗಿನವನು ಭೀಮಾಶಂಕರ, ನಮ್ಮ ಓಣಿಯವನೇ. ಹರೆಯದಲ್ಲಿ ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿದ್ದ; ಮೊಣಕಾಲು ಕೈಕೊಟ್ಟ ಮೇಲೆ ಒಂದು ಸಾಲೆಯಲ್ಲಿ ಆಟದ ಮಾಸ್ತರನಾದ. ಆಗಿ ಸುಮ್ಮನಿದ್ದನೇ? ಗರಸಿನ, ಅಂದರೆ ಕಲ್ಲುಮಣ್ಣಿನ ದಾರಿಯ ಹುಚ್ಚು ಹಿಡಿಸಿಕೊಂಡ. ಡಾಂಬರು ಕಂಡರೆ ಅವನು ಮುಖ ಸಿಂಡರಿಸುತ್ತಾನೆ. ದಪ್ಪ ಟಯರಿನ, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲಿನ ಸೈಕಲ್ಲೊಂದನ್ನು ನನ್ನ ಕೈಯಿಂದಲೇ ತರಿಸಿಕೊಂಡು, ಕಾಲುವೆಯ ದಂಡೆ, ಬಂಡಿ ಜಾಡು, ಕುರಿ ಓಡಾಡಿದ ಸವಕಲು ಹಾದಿ ಎಲ್ಲದರಲ್ಲೂ ತೂರಿಕೊಂಡು ಹೋಗುತ್ತಾನೆ. ಅವತ್ತು ನನ್ನನ್ನೂ ಎಳೆದುಕೊಂಡು ಹೋಗಿದ್ದ. ನಾನು ಮೋಟರ್‌ಸೈಕಲ್ ಮೇಲೆ ಬೆನ್ನು ಹತ್ತಿದ್ದೆ. ಹಳ್ಳದ ಬಂಡೆಗಳ ಮುಂದೆ ಮೋಟರ್‌ಸೈಕಲ್ ಕೈಚೆಲ್ಲಿತು, ಅಲ್ಲಿಂದ ಮುಂದೆ ಕಾಲೇ ಗತಿ.

ಸಾವಂತ್ರವ್ವ ಅಟ್ಟ ಇಳಿದು ಬಂದಳು. ಐವತ್ತರ ಆಜುಬಾಜು, ಎತ್ತರದ ಹೆಂಗಸು. ಇಳಕಲ್ ಸೀರೆಯ ಸೆರಗನ್ನು ತಲೆಗೆ ಬಿಗಿದು ಕಟ್ಟಿದ್ದಳು. ಗಾಳಿಯಂತ್ರ ನಿಲ್ಲಿಸಲು ಜಮೀನು ನೋಡುವವರು ಅಂತ ನಮ್ಮನ್ನು ತಿಳಿದಿದ್ದಳಂತೆ. ನಾವು ಅವರಲ್ಲ, ಸೈಕಲ್ ಹೊಡೆಯಲು ದಾರಿ ಹುಡುಕುವವರು ಅಂತ ಭೀಮಾಶಂಕರ ಬಿಡಿಸಿ ಹೇಳಿದ. ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ದಾರಿ ಇಲ್ಲದ ಕಡೆ ದಾರಿ ಹುಡುಕಾಕ ಬಂದೀರಿ? ಮನ್ಯಾಗ ಹೇಳಿ ಬಂದೀರೋ ಇಲ್ಲೋ?"

ನನಗೆ ನಗು ತಡೆಯಲಾಗಲಿಲ್ಲ. ವರ್ಷಗಟ್ಟಲೆ ನಾನು ಅವನನ್ನು ಕೇಳಬೇಕೆಂದಿದ್ದ ಪ್ರಶ್ನೆ ಅದು. ನಕ್ಕಿದ್ದಕ್ಕೆ ನನಗೂ ಒಂದು ಬೈಗುಳ ಬಿತ್ತು. ಆಮೇಲೆ ಬಾಯಾರಿದೆಯೇ ಅಂತ ಕೇಳಿದಳು. ಮಜ್ಜಿಗೆ ಕೊಟ್ಟಳು. ಬೇವಿನ ಮರದ ಬುಡದಲ್ಲಿದ್ದ ಬುಟ್ಟಿಯ ಬಟ್ಟೆ ಸರಿಸಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ರೊಟ್ಟಿಗೆ ಹಚ್ಚಿಕೊಳ್ಳಲು ಗುರೆಳ್ಳು ಹಿಂಡಿ ತೆಗೆದಿಟ್ಟಳು. ರೊಟ್ಟಿ ಒಣಗಿ ಹಂಚಿನಂತಾಗಿತ್ತು. ಹಸಿದವನಿಗೆ ಅದೆಲ್ಲ ಎಲ್ಲಿಯ ಲೆಕ್ಕ? ಭೀಮಾಶಂಕರ ಕಟಕಟ ಕಡಿಯುತ್ತ ಕುಳಿತ. ಅವನು ಉಣ್ಣುವುದನ್ನು ಆಕೆ ಎವೆಯಿಕ್ಕದೆ ನೋಡಿದಳು. ಎಳ್ಳ ಅಮಾವಾಸ್ಯೆ ಮುಗಿದು ವಾರ ಕಳೆದರೂ ಬುಟ್ಟಿ ತಳ ಕಂಡಿಲ್ಲ ಅಂದಳು. ಆ ಮಾತಿನಲ್ಲಿ ಸಿಟ್ಟೂ ಇತ್ತು, ನೋವೂ ಇತ್ತು.

ಎಳ್ಳ ಅಮಾವಾಸ್ಯೆ ಬಂತೆಂದರೆ ನಮ್ಮ ಕಡೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲ ಸೇರುತ್ತದೆ. ಹಿಂದಿನ ರಾತ್ರಿಯಿಂದ ಮಾಡಿದ ಅಡುಗೆಯನ್ನು ಬುಟ್ಟಿಯಲ್ಲಿ ಹೊತ್ತು ಒಯ್ದು, ಭೂಮಿತಾಯಿಗೆ ಪೂಜೆ ಮಾಡಿ, ಎಲ್ಲ ಅಡುಗೆಯನ್ನು ಸ್ವಲ್ಪ ಸ್ವಲ್ಪ ಕಲಸಿ ಬೆಳೆಯ ತುಂಬ ಚೆಲ್ಲಿ ಬರುತ್ತಾರೆ. ಅದಕ್ಕೆ ಚರಗ ಅನ್ನುತ್ತಾರೆ. ಭೂಮಿ ಉಂಡ ಮೇಲೆ ಮನುಷ್ಯರ ಊಟ. ಆದರೆ ಮನೆಯವರಷ್ಟೇ ಉಂಡು ಬಂದರೆ ಅದು ಹಬ್ಬವಲ್ಲ, ಹೊರಗಿನವರು ಒಬ್ಬರಾದರೂ ಉಣ್ಣಬೇಕು. ಹೊಲವಿದ್ದವರು ಅವರವರ ಹೊಲದಲ್ಲೇ ಇರುವುದರಿಂದ, ಹೊಲವಿಲ್ಲದ ಮಾಸ್ತರರು, ಬ್ಯಾಂಕಿನವರು, ಪೇಟೆಯ ಗೆಳೆಯರು ಅವತ್ತಿನ ಅತಿಥಿಗಳು. ಅವರೋ ಹೊಸ ಬಟ್ಟೆ ಉಟ್ಟು, ಗಾಡಿ ನಿಲ್ಲಿಸಲು ಜಾಗವಿದ್ದ ರಸ್ತೆ ಬದಿಯ ಹೊಲಕ್ಕೆ ಹೋಗುತ್ತಾರೆ. ಹಳ್ಳ ದಾಟಿ, ಮಡ್ಡಿಯೆಂಬ ಕಲ್ಲುದಿಬ್ಬ ಹತ್ತಿ ಸಾವಂತ್ರವ್ವನ ಹೊಲಕ್ಕೆ ಯಾರು ಬರುತ್ತಾರೆ?

ಆಕೆ ಹುಟ್ಟಿ ಬೆಳೆದದ್ದು ಮಮದಾಪುರದಲ್ಲಿ, ಕೆರೆಯ ಕೆಳಗಿನ ಹೊಲದಲ್ಲಿ. ಬಸ್ಸು ನಿಲ್ಲುವ ಜಾಗ ಹೊಲಕ್ಕೆ ಹತ್ತಿಕೊಂಡೇ ಇತ್ತು. ಹಬ್ಬದ ದಿನ ಬಸ್ಸಿನಿಂದ ಇಳಿದವರನ್ನು ಲಂಗದ ಹುಡುಗಿ ಕೈಹಿಡಿದು ಎಳೆದು ತರುತ್ತಿದ್ದಳಂತೆ. ಒಮ್ಮೆ ಕಂಡಕ್ಟರನನ್ನೂ ಡ್ರೈವರನನ್ನೂ ಕೂಡಿಸಿ ಉಣಿಸಿದ್ದಕ್ಕೆ ಬಸ್ಸಿನಲ್ಲಿದ್ದವರೆಲ್ಲ ಬೈಯುತ್ತ ಇಳಿದು ತಾವೂ ಉಂಡರಂತೆ. ಅಂಥ ಮನೆಯಿಂದ ಘೋಣಸಗಿಯ ಅಮಸಿದ್ದನ ಮನೆಗೆ ಬಂದಳು. ಅಮಸಿದ್ದ ಕುರಿಯವನು, ಬಂಗಾರದಂಥ ಮನುಷ್ಯ. ಆದರೆ ದೀಪಾವಳಿ ಮುಗಿಯುತ್ತಲೇ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೋದರೆ ಯುಗಾದಿಯ ಹೊತ್ತಿಗೆ ತಿರುಗುವುದು. ಮದುವೆಯಾದಂದಿನಿಂದ ಒಂದೇ ಒಂದು ಎಳ್ಳ ಅಮಾವಾಸ್ಯೆಗೂ ಗಂಡ ಮನೆಯಲ್ಲಿ ಇದ್ದದ್ದಿಲ್ಲ. ಮಗಳು ಗೀತಾಂಜಲಿ ಇರುವತನಕ ತಾಯಿ ಮಗಳು ಇಬ್ಬರೇ ಮಡ್ಡಿ ಹತ್ತುತ್ತಿದ್ದರು. ಮಗಳನ್ನು ಬಬಲೇಶ್ವರಕ್ಕೆ ಕೊಟ್ಟ ಮೇಲೆ ಅವಳು ಅವತ್ತು ಗಂಡನ ಮನೆಯ ಹೊಲದಲ್ಲಿ ಇರಬೇಕಾದವಳು. ಹಾಗಂತ ಅಡುಗೆ ಕಡಿಮೆ ಮಾಡುವಂತಿಲ್ಲ. ತುಂಬಿದ ಬುಟ್ಟಿ ಹೊತ್ತು ಹತ್ತುತ್ತಿದ್ದಳು, ತುಂಬಿದ ಬುಟ್ಟಿಯನ್ನೇ ಹೊತ್ತು ಇಳಿಯುತ್ತಿದ್ದಳು.

"ಒಮ್ಮೆ ಖಾಲಿ ಬುಟ್ಟಿ ಹೊತಗೊಂಡು ಇಳೀಬೇಕು ನೋಡು ತಮ್ಮಾ. ಮತ್ತೇನೂ ಬ್ಯಾಡ ನನಗ," ಅಂದಳು.

ಭೀಮಾಶಂಕರನ ಬಾಯಿ ತುಂಬ ರೊಟ್ಟಿ ಇತ್ತು. ಅದರ ನಡುವಿನಿಂದಲೇ, ಬರುವ ಎಳ್ಳ ಅಮಾವಾಸ್ಯೆಗೆ ಮೂವತ್ತು ಮಂದಿಯನ್ನು ಸೈಕಲ್ ಮೇಲೆ ಕರೆತಂದು ಇಲ್ಲೇ ಉಣ್ಣಲು ಕೂಡಿಸುತ್ತೇನೆ ಅಂದುಬಿಟ್ಟ. ನಾನು ಅವನ ತೊಡೆ ಚಿವುಟಿದೆ. ಅವನಿಗೆ ಅದು ಮುಟ್ಟಲಿಲ್ಲ. ಮುಟ್ಟಿದ್ದು ಸಾವಂತ್ರವ್ವನ ಮಾತು.

"ಬಾಯಾಗ ರೊಟ್ಟಿ ಇಟಗೊಂಡು ಮಾತು ಕೊಡಬ್ಯಾಡ. ನುಂಗಿ ಕೊಡು."

ಅವನು ನುಂಗಿ, ನೀರು ಕುಡಿದು, ಮಾತು ಕೊಟ್ಟ. ತಿರುಗಿ ಬರುವಾಗ ದಾರಿಯುದ್ದಕ್ಕೂ ನಾನು ಅವನ ಜನ್ಮ ಜಾಲಾಡಿದೆ. ಆಕೆ ಅಡುಗೆ ಮಾಡಿ ಕಾಯುತ್ತಾಳೆ, ನಿನ್ನ ಗೆಳೆಯರು ಮೂವರು ಬರುತ್ತಾರೆ, ಆಮೇಲೆ ಆ ಹೆಂಗಸಿನ ಮುಖ ನೋಡುವವರು ಯಾರು ಅಂದೆ. ಅವನು ಸಿಳ್ಳೆ ಹಾಕುತ್ತ ಪೆಡಲ್ ತುಳಿದ.

ಆದರೂ ಹೇಳಬೇಕು, ಹುಡುಗ ದುಡಿದ. ವರ್ಷಪೂರ್ತಿ ಅಲೆದು ದಾರಿಯೊಂದನ್ನು ಕಟ್ಟಿದ. ನಸುಕಿನಲ್ಲಿ ಇಬ್ರಾಹಿಂಪುರ ಬಿಟ್ಟು ಹಿಂದಿನ ಹಾದಿಗಳಿಂದ ಬಬಲೇಶ್ವರ, ಅಲ್ಲಿಂದ ಮಮದಾಪುರದ ಹಳೆಯ ಕೆರೆಯ ದಂಡೆ, ಕೆರೆಯ ಸುತ್ತ ಬೆಳೆದ ಕಾಡಿನೊಳಗೆ ಎಲೆ ಉದುರಿದ ಮೆತ್ತನೆಯ ಜಾಡು, ಆಮೇಲೆ ಕಾಲುವೆಯ ಮೇಲಿನ ಗರಸು, ಬಲಕ್ಕೆ ನೀರು, ಎಡಕ್ಕೆ ಕಣ್ಣು ಮುಟ್ಟುವತನಕ ಜೋಳ, ಡೋಣಿ ಹೊಳೆಯ ಕಣಿವೆಗೆ ಜರ್ರನೆ ಇಳಿದು, ಜಾಲಿಗಿಡಗಳ ನಡುವೆ ಹೊಳೆ ದಾಟಿ, ದಿನ್ನೆಯ ಮೇಲೆ ದಿನ್ನೆ ಹತ್ತಿ ಘೋಣಸಗಿಯ ಮಡ್ಡಿ, ಅಲ್ಲಿ ಊಟ, ಆಮೇಲೆ ತಿಕೋಟಾ ಮೇಲೆ ಹಾಯ್ದು ಮನೆ. ಪುಣೆ, ಕೊಲ್ಹಾಪುರ, ಬೆಳಗಾವಿಯವರಿಗೆ ದಾರಿಯ ಚಿತ್ರ ಕಳಿಸಿ ಕರೆದ. ನಾನು ಮೂಗು ಮುರಿದೆ. ಆದರೆ ಬರುತ್ತೇವೆಂದವರು ಮೂವತ್ತೂ ದಾಟಿದರು, ನಾನು ಮೂಗನ್ನು ಸುಮ್ಮನೆ ಸರಿಮಾಡಿಕೊಂಡೆ.

ಅತ್ತ ಸಾವಂತ್ರವ್ವ ಹಾರೆ ಹಿಡಿದಿದ್ದಳು. ಮಳೆಗಾಲ ಮುಗಿದದ್ದೇ ಹಳ್ಳದಲ್ಲಿ ಕಲ್ಲು ಹಾಸಿದಳು, ಏರಿನ ಮೇಲಿನ ಬಂಡೆಗಳನ್ನು ಉರುಳಿಸಿದಳು, ಜಾಲಿಯ ಮುಳ್ಳು ಕಡಿದು ರಾಶಿ ಹಾಕಿದಳು. ನಾವು ನೋಡಲು ಹೋದಾಗ, ಮದುವೆ ಮನೆಯ ಅಂಗಳದಂತೆ ದಾರಿಯನ್ನು ಗುಡಿಸುತ್ತಿದ್ದಳು. ಹಳ್ಳದ ಈಚೆ ರಸ್ತೆ ಬದಿಯಲ್ಲಿ ಗೌರಾಬಾಯಿಯ ಹೊಲ. ಪ್ರತಿ ಹಬ್ಬಕ್ಕೂ ಅವಳ ಹೊಲದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಅಷ್ಟು ಅತಿಥಿಗಳು. ಸೈಕಲ್ ಮಂದಿ ಗಾಳಿ ಕುಡಿದು ಬದುಕುವವರಂತೆ, ನಿನ್ನ ರೊಟ್ಟಿ ಎಲ್ಲಿ ತಿನ್ನುತ್ತಾರೆ ಅಂತ ಅವಳು ಸಾವಂತ್ರವ್ವನನ್ನು ಕೆಣಕುತ್ತಿದ್ದಳು. ಅದಕ್ಕೆ ಸಾವಂತ್ರವ್ವ ಅವಳ ಮನೆಗೇ ಹೋಗಿ ಮಂದಿಯ ಅಡುಗೆಗೆಂದು ದೊಡ್ಡ ಪಾತ್ರೆಗಳನ್ನು ಕೇಳಿ ಎತ್ತಿಕೊಂಡು ಬಂದಳು. ಊರಿನ ಬಾಯಿಗೆಲ್ಲ ಅದೇ ಮಾತಾಯಿತು. ಈಗ ಯಾರೂ ಬರದೇ ಹೋದರೆ, ಬಂದವರು ಉಣ್ಣದೇ ಹೋದರೆ, ತುಂಬಿದ ಬುಟ್ಟಿಯ ಜತೆಗೆ ಊರಿನ ನಗುವನ್ನೂ ಆಕೆ ಹೊರಬೇಕಾಗಿತ್ತು.

ಹಬ್ಬ ಬಂತು. ಬೆಳಕು ಹರಿಯುವ ಮೊದಲೇ ನಮ್ಮ ಅಂಗಡಿಯ ಮುಂದೆ ಬಣ್ಣಬಣ್ಣದ ಟೊಪ್ಪಿಗೆಗಳು. ನಮ್ಮ ಊರಿನ ಇರ್ಫಾನಾ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದಳು, ಪಂದ್ಯಗಳಲ್ಲಿ ಗಾಳಿಯಂತೆ ಓಡುವ ಹುಡುಗಿ. ಪುಣೆಯಿಂದ ರಾಜರತ್ನ ಅಂತ ಒಬ್ಬ ಬಂದಿದ್ದ. ಹಲ್ಲುಜ್ಜುವ ಪೇಸ್ಟಿನಂಥ ಕೊಳವೆಗಳನ್ನು ಜೇಬಿಗೆ ತುರುಕಿಕೊಂಡು, ಸವಾರಿ ಮಾಡುವಾಗ ತಾನು ಇದನ್ನು ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಅಂತ ನನಗೆ ತಿಳಿಸಿದ. ಸರಿ ಅಪ್ಪಾ, ಮಡ್ಡಿ ಮುಟ್ಟು ಆಮೇಲೆ ನೋಡೋಣ ಅಂದುಕೊಂಡೆ. ಅವರೆಲ್ಲ ಹೊರಟ ಮೇಲೆ ನಾನು ಟ್ಯೂಬು, ಪಂಪು, ಒಂದು ಬದಲಿ ಸೈಕಲ್ಲು, ನೀರಿನ ಕ್ಯಾನು ಹೇರಿಕೊಂಡು ಸಣ್ಣ ಗಾಡಿಯಲ್ಲಿ ಹಿಂದೆ ಹೊರಟೆ.

ಬಬಲೇಶ್ವರ ಇನ್ನೂ ಬಂದಿರಲಿಲ್ಲ. ಬದುವಿನ ಮೇಲೆ ಸೈಕಲ್ಲುಗಳು ಸಾಲಾಗಿ ಮಲಗಿದ್ದವು. ಪಂಕ್ಚರ್ ಇರಬೇಕೆಂದು ಇಳಿದು ನೋಡಿದರೆ, ಜೋಳದ ನಡುವೆ ನಮ್ಮ ಸವಾರರು ಪದ್ಮಾಸನ ಹಾಕಿ ಕುಳಿತಿದ್ದಾರೆ, ಮುಂದೆ ಎಲೆ, ಎಲೆಯಲ್ಲಿ ಹೋಳಿಗೆ. ಒಬ್ಬ ಅಜ್ಜಿ ತುಪ್ಪದ ಗಿಂಡಿ ಹಿಡಿದು ಪುಣೆಯ ರಾಜರತ್ನನ ತಲೆಯ ಮೇಲೆ ನಿಂತಿದ್ದಾಳೆ. ಅವನು ಎರಡೂ ಕೈ ಅಡ್ಡ ಹಿಡಿದಿದ್ದಾನೆ, ಆಕೆ ಬೆರಳಿನ ಸಂದಿಯಿಂದಲೇ ಹೊಯ್ಯುತ್ತಿದ್ದಾಳೆ.

ಹಬ್ಬದ ದಿನ ಬಂಡಿ, ಟ್ರ್ಯಾಕ್ಟರು ಅಡ್ಡ ಬರುವುದಿಲ್ಲ, ದಾರಿ ಬರಿದಾಗಿರುತ್ತದೆ ಅಂತೆಲ್ಲ ವಿಚಾರ ಮಾಡಿದ್ದ ನಮ್ಮ ಮಾಸ್ತರ, ಊಟವನ್ನು ದಾರಿಯ ಕಟ್ಟಕಡೆಗೆ ಇಟ್ಟಿದ್ದ. ಆ ದಿನ ಹೊಲದ ಬದಿ ಹಾಯ್ದವರನ್ನು ಯಾವ ಹೊಲದವರೂ ಉಣಿಸದೆ ಬಿಡುವುದಿಲ್ಲವೆಂಬುದು ಇದೇ ಮಣ್ಣಿನಲ್ಲಿ ಹುಟ್ಟಿದ ಅವನಿಗೆ ಹೊಳೆದಿರಲಿಲ್ಲ. ಘೋಣಸಗಿಯ ತನಕ ಎಷ್ಟು ಹೊಲ, ಎಷ್ಟು ಬುಟ್ಟಿ, ಎಷ್ಟು ಅಜ್ಜಿಯರು. ಫೋನು ಹಚ್ಚಿದೆ. ಅವನು ಆಗಲೇ ಮಮದಾಪುರ ಮುಟ್ಟಿದ್ದ. ಅವನ ಬಾಯಿಯೂ ತುಂಬಿತ್ತು.

"ಕಾಕಾ, ಸೋದರಮಾವನ ಹೊಲ ಐತಿ. ಹೆಂಗ ಬಿಟ್ಟು ಹೋಗಲಿ?"

ಲೇ ಭೀಮ್ಯಾ, ನಿನ್ನ ಮಾವ ಹಾಳಾಗಲಿ, ಅಲ್ಲಿ ಆ ಹೆಂಗಸು ಕಾಯುತ್ತಿದ್ದಾಳೆ ಅಂದೆ. ಅವನು ಎದ್ದು ನಿಂತದ್ದು, ಮತ್ತೆ ಯಾರೋ ಭುಜ ಒತ್ತಿ ಕೂಡಿಸಿದ್ದು ನನಗೆ ಕಣ್ಣಿಗೆ ಕಟ್ಟಿದಂತೆ ತಿಳಿಯಿತು.

ನಾನೇ ಮುಂದೆ ಹೋಗಿ ಹೊಲಹೊಲಕ್ಕೂ ತಿಳಿಸಿ ಹೇಳುವುದೆಂದು ಗಾಡಿ ಓಡಿಸಿದೆ. ದಯಮಾಡಿ ಸೈಕಲ್ಲಿನವರನ್ನು ತಡೆಯಬೇಡಿ ಅಂತ ಕೈಮುಗಿಯಬೇಕು, ಅಷ್ಟೇ. ಮೊದಲನೆಯ ಹೊಲದಲ್ಲಿ ಮಾತು ಮುಗಿಯುವ ಮೊದಲೇ ಕೈಗೆ ಕಡುಬು ಬಂತು. ಎರಡನೆಯ ಹೊಲದಲ್ಲಿ ನಿಂತು ತಿನ್ನಬಾರದೆಂದು ಕೂಡಿಸಿದರು. ಕಾಲುವೆಯ ದಂಡೆಯ ಮೇಲೆ ಒಬ್ಬ ಯಜಮಾನ, ಸೈಕಲ್ಲಿನವರನ್ನು ಬಿಡುತ್ತೇನೆ, ಆದರೆ ಅವರ ಪಾಲನ್ನು ನೀವು ಉಣ್ಣಬೇಕು ಅಂದ. ಡೋಣಿ ದಾಟುವ ಹೊತ್ತಿಗೆ ನನ್ನ ಅಂಗಿಯ ಕೆಳಗಿನ ಗುಂಡಿ ಕಿತ್ತುಹೋಗಿತ್ತು. ಸಿಟ್ಟು ಬರಬೇಕಾದ ಹೊತ್ತಿನಲ್ಲಿ ತೇಗು ಬಂದರೆ ಮನುಷ್ಯ ಏನು ಮಾಡಬೇಕು?

ಗೌರಾಬಾಯಿಯ ಹೊಲ ಮುಟ್ಟಿದಾಗ ಸೂರ್ಯ ನೆತ್ತಿ ದಾಟಿದ್ದ. ಅವಳ ಹೊಲ ತುಂಬಿ ತುಳುಕುತ್ತಿತ್ತು. ಇದೊಂದು ಹೊಲ ದಾಟಿದರೆ ಹಳ್ಳ, ಹಳ್ಳದಾಚೆ ಮಡ್ಡಿ. ನಾನು ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸಾವಂತ್ರವ್ವ ಬೆಳಗಿನಿಂದ ಮಂದಿಯ ದಾರಿ ನೋಡುತ್ತಿದ್ದಾಳೆ, ಬರುವವರ ಹೊಟ್ಟೆಯಲ್ಲಿ ಆಗಲೇ ಜಾಗವಿಲ್ಲ, ನೀವೂ ಉಣಿಸಿದಿರೆಂದರೆ ಮುಗಿದೇ ಹೋಯಿತು ಅಂದೆ. ಗೌರಾಬಾಯಿಯ ಮುಖದ ನಗೆ ಇಳಿಯಿತು. ಕೆಣಕುತ್ತಿದ್ದವಳ ಕಣ್ಣಲ್ಲಿ ನೀರು ಬಂದದ್ದು ನೋಡಿದೆ, ಸುಳ್ಳು ಹೇಳುವುದಿಲ್ಲ.

"ನನ್ನ ಹೊಲದಿಂದ ಬರಿಗೈಲೆ ಹ್ಯಾಂಗ ಕಳಸ್ಲಿ ಅಣ್ಣಾರ?" ಅಂದಳು. ಬುಟ್ಟಿಗೆ ಕೈ ಹಾಕುತ್ತ, "ಉಣ್ಣೂದು ಬ್ಯಾಡ. ಕಟ್ಟಿ ಕೊಡತೀನಿ."

ಮನೆಯವರೆಲ್ಲ ಸೇರಿ ರೊಟ್ಟಿ, ಪಲ್ಯ, ಹೋಳಿಗೆ ಸುತ್ತಿ ಸುತ್ತಿ ಗಂಟು ಕಟ್ಟತೊಡಗಿದರು. ಗಾಡಿಯನ್ನು ಅಲ್ಲೇ ಬಿಟ್ಟು ನಾನು ಬದಲಿ ಸೈಕಲ್ಲನ್ನು ಇಳಿಸಿದೆ. ಸವಾರರು ಬರುವ ಮೊದಲು ಆಕೆಗೆ ಸುದ್ದಿ ಮುಟ್ಟಿಸಬೇಕಿತ್ತು. ಸಾವಂತ್ರವ್ವ ಹಾಸಿದ ಕಲ್ಲುಗಳ ಮೇಲೆ ಹಳ್ಳ ದಾಟಿದೆ. ಆಕೆ ಗುಡಿಸಿದ ದಾರಿಯ ಮೇಲೆ ಸೈಕಲ್ ಹತ್ತಿದೆ. ನಂಬಿದರೆ ನಂಬಿ, ಅದು ಏರಿತು. ತೂರಾಡುತ್ತ, ಬೈಯುತ್ತ, ಎರಡು ಸಲ ಬಿದ್ದು, ಹೊಟ್ಟೆಯೊಳಗಿನ ಕಡುಬುಗಳ ಸಮೇತ ನಾನು ಮಡ್ಡಿ ಏರಿದೆ. ಎಷ್ಟೋ ವರ್ಷಕ್ಕೆ ಎದುರುಗಾಳಿ ಮುಖಕ್ಕೆ ಬಡಿದಾಗ, ಹೋಗುತ್ತಿದ್ದದ್ದು ಕೆಟ್ಟ ಸುದ್ದಿ ಹೇಳಲು ಎಂಬುದೂ ಮರೆತು ಖುಷಿಯಾಯಿತು.

ಸಾವಂತ್ರವ್ವ ಬದುವಿನ ತುದಿಯಲ್ಲಿ ಹಣೆಗೆ ಕೈ ಹಚ್ಚಿ ನಿಂತಿದ್ದಳು. ಹಸಿರು ರೇಷ್ಮೆ ಸೀರೆ, ಮುಡಿಯಲ್ಲಿ ಚೆಂಡುಹೂ. ಬೇವಿನ ಕೆಳಗೆ ಪಾತ್ರೆಗಳು, ಮುಚ್ಚಿದ ಬುಟ್ಟಿಗಳು. ಪೂಜೆ ಆಗಿತ್ತು. ಆದರೆ ಚರಗ ಚೆಲ್ಲಿರಲಿಲ್ಲ. ಬಿಸಿಲೇರುವ ಮೊದಲೇ ಚೆಲ್ಲಬೇಕಾದ ಚರಗವನ್ನು ಮಂದಿ ಬರಲೆಂದು ತಡೆದಿಟ್ಟುಕೊಂಡಿದ್ದಳು. ಭೂಮಿ ಉಣ್ಣದೆ ತಾನು ಉಣ್ಣುವಂತಿಲ್ಲವಾದ್ದರಿಂದ ಬೆಳಗಿನಿಂದ ಒಂದು ಗುಟುಕು ಚಹಾ ಬಿಟ್ಟು ಆಕೆಯ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹೊಟ್ಟೆ ತುಂಬಿಸಿಕೊಂಡು ಅವಳ ಮುಂದೆ ನಿಂತ ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ತಲೆ ತಗ್ಗಿಸಿ ಎಲ್ಲ ಹೇಳಿದೆ.

ಆಕೆ ಬುಟ್ಟಿಗಳ ಕಡೆ ತಿರುಗಿ ನಿಂತಳು. ಒಂದರ ಬಟ್ಟೆಯನ್ನು ಸರಿಮಾಡಿದಳು. ಆಮೇಲೆ, ಮಮದಾಪುರದಲ್ಲೂ ಉಂಡರೇನು ಅಂತ ಕೇಳಿದಳು. ಉಂಡರು ಅಂದೆ. ತವರಿನವರು ಉಣಿಸಿದ್ದಕ್ಕೆ ಸಿಟ್ಟು ಮಾಡುವುದೋ ಹಿಗ್ಗುವುದೋ ತಿಳಿಯದೆ ತುಟಿ ಕಚ್ಚಿಕೊಂಡಳು.

ಅಷ್ಟರಲ್ಲಿ ಇರ್ಫಾನಾ ಏರು ಹತ್ತಿ ಬಂದಳು. ಅವಳ ಹಿಂದೆ ಒಬ್ಬೊಬ್ಬರೇ. ಕೆಲವರು ಸೈಕಲ್ ತಳ್ಳುತ್ತಿದ್ದರು, ಕೆಲವರು ಸೈಕಲ್ಲಿಗೆ ಆತು ನಡೆಯುತ್ತಿದ್ದರು. ಎಲ್ಲರ ಹ್ಯಾಂಡಲ್ಲಿಗೂ ಗೌರಾಬಾಯಿಯ ಗಂಟುಗಳು ತೂಗುತ್ತಿದ್ದವು. ಕೊನೆಯಲ್ಲಿ ಬಂದ ಭೀಮಾಶಂಕರ ಆಕೆಯ ಮುಖ ನೋಡಲಾರದೆ ಸೈಕಲ್ಲಿನ ಚೈನು ನೋಡುತ್ತ ನಿಂತ.

ಸಾವಂತ್ರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಉಂಡಿದ್ದು ಉಂಡ್ರಿ. ನೀರು ಕುಡೀರಿ, ಕಾಲು ತೊಳಕೊಳ್ರಿ. ಭೂಮಿತಾಯಿ ಇನ್ನೂ ಉಂಡಿಲ್ಲ, ನಡೀರಿ ನನ್ನ ಹಿಂದ."

ಚರಗದ ಬುಟ್ಟಿಯನ್ನು ತಾನು ಹಿಡಿದಳು. ನೀರಿನ ತಂಬಿಗೆಯನ್ನು ಇರ್ಫಾನಾಳ ಕೈಗೆ ಕೊಟ್ಟಳು. ಮುಂದೆ ಹೋಗುವವರು ಹುಲ್ಲುಲ್ಲಿಗೋ ಎಂದು ಕೂಗುತ್ತ ಚೆಲ್ಲಬೇಕು, ಹಿಂದೆ ನೀರು ಚಿಮುಕಿಸುತ್ತ ಬರುವವರು ಓಗೊಡಬೇಕು. ಮಗಳು ಹೋದ ಮೇಲೆ ಆಕೆ ಚೆಲ್ಲುವುದನ್ನೂ ತಾನೇ, ಓಗೊಡುವುದನ್ನೂ ತಾನೇ ಮಾಡುತ್ತಿದ್ದಳಂತೆ. ಈಗ ಆಕೆ ಕೂಗಿದಳು. ಇರ್ಫಾನಾ ಓಗೊಟ್ಟಳು. ಮೂರನೆಯ ಕೂಗಿಗೆ ಹಿಂದಿನ ಮೂವತ್ತು ಗಂಟಲುಗಳು ಒಟ್ಟಿಗೆ ಎದ್ದವು, ಮರಾಠಿಯವರದು ಒಂದು ರಾಗ, ಬೆಳಗಾವಿಯವರದು ಇನ್ನೊಂದು, ನನ್ನದು ತೇಗಿನೊಂದಿಗೆ ಕೂಡಿದ್ದು. ಎದುರಿನ ದಿನ್ನೆ ಅದನ್ನು ತಿರುಗಿ ನಮ್ಮ ಮೇಲೆಯೇ ಎಸೆಯಿತು. ಹಳ್ಳದಾಚೆ ಗೌರಾಬಾಯಿಯ ಹೊಲದವರು ಎದ್ದು ನಿಂತು ಅವರೂ ಕೂಗು ಹಾಕಿದರು.

ಅಮಸಿದ್ದನ ಹೊಲವೋ, ಮೇಲೆ ಹತ್ತುತ್ತದೆ, ಕೆಳಗೆ ಇಳಿಯುತ್ತದೆ, ಕಲ್ಲಿನ ಗುಡ್ಡೆಗಳನ್ನು ಬಳಸುತ್ತದೆ, ಮತ್ತೆ ಹಳ್ಳದ ತನಕ ಚಾಚುತ್ತದೆ. ಸಾವಂತ್ರವ್ವ ಒಂದು ಮೂಲೆಯನ್ನೂ ಬಿಡಲಿಲ್ಲ. ಕಡಲೆಯ ಸಾಲು, ಕುಸುಬೆಯ ಅಂಚು, ಜೋಳದ ನಡುವೆ, ಎಲ್ಲ ಕಡೆ ನಮ್ಮನ್ನು ಓಡಾಡಿಸಿದಳು. ಯಾರಾದರೂ ಹಿಂದೆ ಬಿದ್ದರೆ ತಿರುಗಿ ಗದರುತ್ತಿದ್ದಳು. ಒಂದು ಸುತ್ತು ಮುಗಿಯಿತು ಅಂತ ರಾಜರತ್ನ ಬೇವಿನ ಕೆಳಗೆ ಕುಳಿತರೆ, ಪೂರ್ವದ ತುಂಡು ಇನ್ನೂ ಉಳಿದಿದೆಯೆಂದು ಅವನನ್ನು ಎಬ್ಬಿಸಿದಳು. ಆ ತುಂಡಿನಲ್ಲಿ ಜೋಳ ಇರಲಿಲ್ಲ, ಬರೀ ಕಲ್ಲಿತ್ತು. ಕಲ್ಲಿಗೂ ಉಣಿಸಿದಳು.

ತಿರುಗಿ ಬಂದಾಗ ಬಿಸಿಲು ಹಳದಿಯಾಗಿತ್ತು. ತಂಪು ಗಾಳಿ ಬೀಸತೊಡಗಿತ್ತು. ಅಂಗಾತ ಬಿದ್ದುಕೊಂಡಿದ್ದ ಪುಣೆಯವನು ನಿಧಾನಕ್ಕೆ ಎದ್ದು ಕುಳಿತು, ಬುಟ್ಟಿಯ ಕಡೆ ನೋಡಿ, ಬದನೆಕಾಯಿಯ ವಾಸನೆ ಬರುತ್ತಿದೆ ಅಂದ. ಸಾವಂತ್ರವ್ವ ಬಟ್ಟೆ ಸರಿಸಿದಳು. ಯಾರನ್ನೂ ಬಲವಂತ ಮಾಡಲಿಲ್ಲ, ಯಾರ ಎಲೆಗೂ ಒತ್ತಿ ಹಾಕಲಿಲ್ಲ. ಹಾಕುವುದಕ್ಕೆ ಬಿಡುವೇ ಸಿಗಲಿಲ್ಲ. ಪುಂಡಿಪಲ್ಯ ಅನ್ನುವವನೊಬ್ಬ, ಇನ್ನೊಂದು ಕಡುಬು ಅನ್ನುವವನೊಬ್ಬ, ಸಿಹಿ ಮಾದಲಿಗೆ ಹಾಲು ಅನ್ನುವವಳೊಬ್ಬಳು. ಆಕೆ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದಳು, ಬಸ್ಸಿನ ಮಂದಿಯನ್ನು ಇಳಿಸಿಕೊಂಡ ಹುಡುಗಿಯಂತೆ. ನಾನು ನಾಲ್ಕು ರೊಟ್ಟಿ ಉಂಡೆ. ವೈದ್ಯರಿಗೆ ಹೇಳಿಲ್ಲ.

ಎಲ್ಲರೂ ಕೈತೊಳೆದ ಮೇಲೆ ಆಕೆ ತನ್ನ ಎಲೆ ಹಾಕಿಕೊಂಡು ಕುಳಿತಳು. ಒಂದು ಪಾತ್ರೆ ಬಾಗಿಸಿದಳು, ಇನ್ನೊಂದು ಬಾಗಿಸಿದಳು. ಬುಟ್ಟಿಯ ಬಟ್ಟೆಯನ್ನು ಕೊಡವಿದಳು; ಎರಡು ಎಳ್ಳು ಉದುರಿದವು. ನಮಗೆಲ್ಲ ಆಗ ಬುದ್ಧಿ ಬಂತು. ಬೆಳಗಿನಿಂದ ಉಪವಾಸವಿದ್ದ ಹೆಂಗಸಿನ ಪಾಲನ್ನೂ ತಿಂದು ಕುಳಿತಿದ್ದೆವು. ನಾಚಿಕೆಯಿಂದ ಯಾರೂ ತಲೆ ಎತ್ತಲಿಲ್ಲ. ಇರ್ಫಾನಾ ಎದ್ದು ಹೋಗಿ ತನ್ನ ಹ್ಯಾಂಡಲ್ಲಿನ ಗಂಟು ಬಿಚ್ಚಿ ತಂದು ಆಕೆಯ ಎಲೆಗೆ ಬಡಿಸಿದಳು. ಮದುವೆಯಾದ ಮೇಲೆ ಹಬ್ಬದ ದಿನ ಬೇರೊಬ್ಬರ ಹೊಲದ ಅಡುಗೆಯನ್ನು ಸಾವಂತ್ರವ್ವ ಬಾಯಿಗಿಟ್ಟದ್ದು ಅದೇ ಮೊದಲು. ಒಂದು ತುತ್ತು ನುಂಗಿ, ಗೌರಾಬಾಯಿಗೆ ಎಣ್ಣೆಗಾಯಿ ಬರುವುದಿಲ್ಲ ಅಂತ ಹೇಳಿ, ಎಲೆಯನ್ನು ಚೊಕ್ಕವಾಗಿ ಖಾಲಿ ಮಾಡಿದಳು.

ನಾವು ಹೊರಡುವ ಹೊತ್ತಿಗೆ ಆಕೆಯ ಫೋನು ಸದ್ದು ಮಾಡಿತು. ಕೃಷ್ಣೆಯ ದಂಡೆಯಿಂದ ಅಮಸಿದ್ದ. ಆಕೆಗೆ ಫೋನು ಕಿವಿಯಿಂದ ದೂರ ಹಿಡಿದು ಜೋರಾಗಿ ಮಾತಾಡುವ ಅಭ್ಯಾಸ, ಅವನ ಮಾತೂ ಹಿಂದಿನ ಕುರಿಗಳ ದನಿಯೂ ನಮಗೆ ಕೇಳಿಸುತ್ತಿತ್ತು. ಯಾರಾದರೂ ಬಂದರೇನು ಅಂತ ಅವನು ಹೆದರುತ್ತ ಹೆದರುತ್ತ ಕೇಳಿದ.

ಕವಣೆ ಬೀಸುವ ಹೆಂಗಸು, ಊರಿನ ಬಾಯಿಗೆ ಬಾಯಿ ಕೊಡುವ ಹೆಂಗಸು, ಕೆನ್ನೆಯ ಮೇಲಿಳಿದ ನೀರನ್ನು ಒರೆಸಿಕೊಳ್ಳುವುದನ್ನೂ ಮರೆತು ನಗುತ್ತಿದ್ದಳು. ಅವನು ಮತ್ತೆ ಕೇಳಿದ, ಉಂಡೆಯೋ ಇಲ್ಲವೋ ಅಂತ.

"ನನಗ ಎಲ್ಲಿ ಉಳೀತು?" ಅಂದಳು. "ಕೇಳಾಕತ್ತೀಯೇನು? ನನಗ ಸೈತ ಉಳೀಲಿಲ್ಲ."